ಸಗ್ವಾರೊ ಕಳ್ಳಿ ಮತ್ತು ನೆರಳು ಕೊಟ್ಟ ಮರ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಶ್ರೀಕಂಠ ದೊಡ್ಡಪ್ಪ: (ಫಾರ್ವರ್ಡ್) ಅಮೆರಿಕದ ಮರುಭೂಮಿಯಲ್ಲಿ ಸಗ್ವಾರೊ ಎಂಬ ಕಳ್ಳಿಯಿದೆ. ಎಳೆಯದಾಗಿದ್ದಾಗ ಅದನ್ನು ಒಂದು ಮರ ನೆರಳು ಕೊಟ್ಟು ಸಾಕುತ್ತದೆ. ಬೆಳೆದ ಮೇಲೆ ಕಳ್ಳಿ ಆ ಮರವನ್ನೇ ಕೊಲ್ಲುತ್ತದೆ. ಈ ಕಾಲದ ಮಕ್ಕಳೂ ಹಾಗೆಯೇ. ಹತ್ತು ಜನರಿಗೆ ಕಳುಹಿಸಿ.

ರವಿ: ಮಾವ, ಇದನ್ನು ಬರೆದವರು ಯಾರು, ಯಾವ ಅಧ್ಯಯನದಿಂದ ತೆಗೆದದ್ದು ಎಂಬುದು ಎಲ್ಲಿಯೂ ಇಲ್ಲ. ಬೇವಿನೆಣ್ಣೆಯ ಸಂದೇಶ ಕಳುಹಿಸಿದಾಗಲೂ ನಾನು ಇದನ್ನೇ ಕೇಳಿದ್ದೆ, ಉತ್ತರ ಬರಲಿಲ್ಲ.

ಶ್ರೀಕಂಠ ದೊಡ್ಡಪ್ಪ: ಆಧಾರ ಕೇಳುವವನು ಅಜ್ಜಿಯ ತಿಥಿಗೆ ಏಕೆ ಬರಲಿಲ್ಲ ಎಂಬುದನ್ನು ಮೊದಲು ಹೇಳಲಿ. ನೆರಳನ್ನು ಮರೆಯುವುದು ಎಂದರೆ ಇದೇ.

ಗಿರಿಜಕ್ಕ: ಕಳ್ಳಿ ಎಂದ ಕೂಡಲೇ ನನಗೆ ಊರಿನ ಹೊಲದ ಬದುವಿನ ಪಾಪಸುಕಳ್ಳಿ ನೆನಪಾಯಿತು. ಹಣ್ಣಿನ ಮುಳ್ಳನ್ನು ಕಲ್ಲಿಗೆ ಉಜ್ಜಿ ತೆಗೆದು ತಿಂದು, ನಾಲಿಗೆ ಕೆಂಪಾಗಿದೆಯೆಂದು ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದೆವು. ಬದುವಿನ ಆ ಬೇಲಿಯನ್ನು ಕಿತ್ತುಹಾಕಿಸಿದ್ದು ಯಾರೆಂದು ಈಗ ಹೇಳುವುದಿಲ್ಲ.

ಸುಧಾ (ಟೂಸಾನ್, ಅಮೆರಿಕದ ಅರಿಜೋನಾ): ದೊಡ್ಡಪ್ಪ, ಈ ಮಾತು ಊರು ಬಿಟ್ಟು ಬಂದ ನನಗೂ ಸೇರಿದೆಯೆಂದು ತಿಳಿದೇ ಉತ್ತರಿಸುತ್ತಿದ್ದೇನೆ. ನೀವು ಕಳುಹಿಸಿದ್ದರಲ್ಲಿ ನಿಜದ ಅಂಶವಿದೆ. ರವಿ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇಲ್ಲಿನ ಸೊನೋರನ್ ಮರುಭೂಮಿಯಲ್ಲಿ ಸಗ್ವಾರೊದ ಒಂದು ಹಣ್ಣಿನಲ್ಲಿ ಸುಮಾರು 2,000 ಬೀಜಗಳಿದ್ದರೂ ಬಯಲಿನಲ್ಲಿ ಬಿದ್ದವು ಬಿಸಿಲಿಗೋ ಚಳಿಗಾಲದ ಹಿಮಕ್ಕೋ ಇಲಿ ಮೊಲಗಳ ಬಾಯಿಗೋ ಹೋಗುತ್ತವೆ; ಹಣ್ಣು ತಿಂದ ಹಕ್ಕಿಗಳು ಪಾಲೊ ವರ್ಡೆ ಅಥವಾ ಮೆಸ್ಕೀಟ್ ಮರದ ಮೇಲೆ ಕುಳಿತಾಗ ಕೆಳಗೆ ಬೀಳುವ ಬೀಜಗಳಿಗೆ ಮಾತ್ರ ಬದುಕುವ ಅವಕಾಶ ಹೆಚ್ಚು. ಆ ಮರದಡಿ ಉದುರಿದ ಮುಳ್ಳುಕಡ್ಡಿಗಳನ್ನು ಸರಿಸಿ ನೋಡಿದರೆ ಸಸಿ ಕಂಡೀತು. ಎಂಟು ವರ್ಷವಾದರೂ ಅದರ ಎತ್ತರ ಒಂದೂವರೆ ಅಂಗುಲದ ಆಸುಪಾಸು. ಹಗಲಿನ ಬಿಸಿಲನ್ನು ತಡೆಯುವ ಕೊಂಬೆಗಳೇ ರಾತ್ರಿ ನೆಲದ ಬಿಸುಪು ಬೇಗ ಆರದಂತೆ ಕಾಯುತ್ತವೆ. ಇಲ್ಲಿನ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು, ಗಿರಿಜಕ್ಕ. ನಿಮ್ಮ ಪಾಪಸುಕಳ್ಳಿಯ ಮೂಲವೂ ಅಮೆರಿಕ ಖಂಡವೇ.

ರವಿ: ಕೊಲ್ಲುವುದಕ್ಕೆ ಆಧಾರ?

ಸುಧಾ (ಟೂಸಾನ್): 1984ರಲ್ಲಿ ಪರಿಸರವಿಜ್ಞಾನಿ ಜೋಸೆಫ್ ಮ್ಯಾಕಾಲಿಫ್ ಅವರು ಪ್ರಕಟಿಸಿದ ಅಧ್ಯಯನವಿದೆ. ಬುಡದಲ್ಲಿ ದೊಡ್ಡ ಸಗ್ವಾರೊ ಬೆಳೆದಿರುವ ಪಾಲೊ ವರ್ಡೆಗಳಲ್ಲಿ ಒಣಗಿದ ಕೊಂಬೆಗಳು ಹೆಚ್ಚು ಎಂದು ಅವರು ತೋರಿಸಿದರು. ಕಳ್ಳಿಯ ಬೇರು ಆಳಕ್ಕಿಳಿಯದೆ ನೆಲದ ಮೇಲ್ಪದರದಲ್ಲೇ ದೂರದವರೆಗೆ ಹರಡಿ, ಮಳೆಯ ನೀರನ್ನು ಕೆಳಗಿಳಿಯುವ ಮೊದಲೇ ಹೀರಿಕೊಳ್ಳುತ್ತದೆ.

ಶ್ರೀಕಂಠ ದೊಡ್ಡಪ್ಪ: ನೋಡು ರವಿ, ಓದಿದವಳೇ ಒಪ್ಪಿದಳು.

ಸುಧಾ (ಟೂಸಾನ್): ನೀರಿನ ಪೈಪೋಟಿಯನ್ನು ಒಪ್ಪಿದೆ, ದೊಡ್ಡಪ್ಪ; ಕೃತಘ್ನತೆಯನ್ನಲ್ಲ. ಸಗ್ವಾರೊ 150 ವರ್ಷಕ್ಕೂ ಹೆಚ್ಚು ಬಾಳುವ ಗಿಡ, ಆದ್ದರಿಂದ ಈ ಪೈಪೋಟಿ ದಶಕಗಟ್ಟಲೆ ನಡೆಯುತ್ತದೆ. ಮರ ಸತ್ತ ಎಷ್ಟೋ ಕಾಲದ ಮೇಲೂ ಕಳ್ಳಿ ಅಲ್ಲೇ ನಿಂತಿರುತ್ತದೆ. ಹಾಗಾಗಿ ಬಯಲಿನಲ್ಲಿ ಒಂಟಿಯಾಗಿ ಕಾಣುವ ಎಷ್ಟೋ ಸಗ್ವಾರೊಗಳ ಜಾಗವನ್ನು ಗೊತ್ತುಮಾಡಿದ್ದು ಈಗ ಇಲ್ಲದ ಒಂದು ಮರ. ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಇಂದು ಸಗ್ವಾರೊ ರಾಷ್ಟ್ರೀಯ ಉದ್ಯಾನವಿರುವ ಟೂಸಾನ್ ಪೂರ್ವಭಾಗದಲ್ಲಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಸುಣ್ಣದ ಗೂಡುಗಳಿಗೆ ಸೌದೆಯಾಗಿ ಈ ಮರಗಳನ್ನು ಕಡಿದರು, ದನಗಳನ್ನೂ ಮೇಯಲು ಬಿಟ್ಟರು. ದೊಡ್ಡ ಕಳ್ಳಿಗಳು ಉಳಿದವು, ಆದರೆ ನೆರಳಿಲ್ಲದೆ ಹೊಸ ಸಸಿಗಳು ಬಹಳ ಕಾಲ ಏಳಲೇ ಇಲ್ಲ. ಕಳ್ಳಿಯನ್ನು ದೂರುವ ಸಂದೇಶದಲ್ಲಿ ಕೊಡಲಿಯ ಸುದ್ದಿಯೇ ಇಲ್ಲ.

ರವಿ: ಹಾಗಾದರೆ ಮರವೇ ಇಲ್ಲದ ಕಲ್ಲುಗುಡ್ಡದ ಮೇಲೂ ಸಗ್ವಾರೊ ಬೆಳೆಯುವುದು ಹೇಗೆ?

ಸುಧಾ (ಟೂಸಾನ್): ಅಲ್ಲಿ ಬಂಡೆಯ ಸಂದು ಅದೇ ಕೆಲಸ ಮಾಡುತ್ತದೆ, ನೆರಳನ್ನೂ ಕೊಡುತ್ತದೆ, ರಾತ್ರಿ ಬಿಸುಪನ್ನೂ ಬಿಟ್ಟುಕೊಡುತ್ತದೆ. ಬಂಡೆಗೆ ಮಾತ್ರ ನೀರಿನ ಪಾಲು ಬೇಕಾಗಿಲ್ಲ.

ರವಿ: ಮರ ಸೊರಗುತ್ತದೆಂಬುದನ್ನು ಒಪ್ಪಿದೆ. ತಿಥಿಯ ದಿನ ನನಗೆ ಪರೀಕ್ಷಾ ಕೆಲಸವಿತ್ತು, ಅತ್ತೆಗೆ ಹೇಳಿದ್ದೆ.

ಶ್ರೀಕಂಠ ದೊಡ್ಡಪ್ಪ: ಅವಳು ನನಗೆ ಹೇಳಲಿಲ್ಲ. ಸುಧಾ, ಸುಣ್ಣದ ಗೂಡಿನ ವಿಷಯವನ್ನು ಸೇರಿಸಿ ನೀನೇ ಬರೆದುಕೊಡು, ಅದನ್ನೂ ಕಳುಹಿಸುತ್ತೇನೆ. ಮಕ್ಕಳ ಕುರಿತ ಸಾಲನ್ನು ಮಾತ್ರ ನಾನು ತೆಗೆಯುವುದಿಲ್ಲ.