ಗಾಂಜಾ, ತಂಬಾಕು ಎರಡನ್ನೂ ಬಳಸುವವರ ಅಧ್ಯಯನ: ಗುಂಪು ಮಾಡುವುದು ಹೇಗೆ, ಯಾವ ಪರೀಕ್ಷೆ ನಂಬಬೇಕು?

ಸಮೀಕ್ಷಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ತಂಬಾಕು ಬಿಡಲು ಚಿಕಿತ್ಸೆಗೆ ಬರುವ ವಯಸ್ಕರಲ್ಲಿ ಗಾಂಜಾ ಬಳಕೆಯೂ ಇದ್ದರೆ ಫಲಿತಾಂಶದಲ್ಲಿ ವ್ಯತ್ಯಾಸ ಬರುತ್ತದೆಯೇ ಎಂಬುದು ಅಧ್ಯಯನದ ಪ್ರಶ್ನೆ. ಎಲ್ಲರಿಗೂ ನಿಕೋಟಿನ್ ಪ್ಯಾಚ್ ಮತ್ತು ಆಪ್ತಸಮಾಲೋಚನೆ, ಆರು ತಿಂಗಳ ನಂತರ ಪರಿಶೀಲನೆ.

ಕರಡು ಪ್ರಶ್ನಾವಳಿಯಲ್ಲಿ ಬಳಕೆಯ ಬಗ್ಗೆ ಎರಡೇ ಪ್ರಶ್ನೆಗಳಿವೆ: ಕಳೆದ 30 ದಿನಗಳಲ್ಲಿ ತಂಬಾಕು ಬಳಸಿದ್ದೀರಾ, ಗಾಂಜಾ ಬಳಸಿದ್ದೀರಾ. ಅದರ ಮೇಲೆ 'ತಂಬಾಕು ಮಾತ್ರ', 'ಎರಡೂ' ಎಂದು ಗುಂಪು. ನಿಕೋಟಿನ್ ಅವಲಂಬನೆ ಅಳೆಯಲು ಫ್ಯಾಗರ್‌ಸ್ಟ್ರಾಮ್ ಪರೀಕ್ಷೆ. ಬಿಟ್ಟಿದ್ದಾರೆಂದು ಖಚಿತಪಡಿಸಲು ಉಸಿರಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಮೂತ್ರದ ಕೊಟಿನಿನ್ (ನಿಕೋಟಿನ್ ದೇಹ ಸೇರಿದ್ದರ ಗುರುತು). ಇದು ಸಾಕೇ? ಎಲ್ಲಿ ಎಡವಬಹುದು?

ಪ್ರಶ್ನಾವಳಿಪ್ರಿಯ ಉತ್ತರ:

ಸಾಕಾಗುವುದಿಲ್ಲ. ತಂಬಾಕು ದೇಹಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ನಿಮ್ಮ ಎರಡು ಪ್ರಶ್ನೆಗಳು ಕೇಳುವುದೇ ಇಲ್ಲ. ಗಾಂಜಾ ಜೊತೆ ತಂಬಾಕು ಬೆರೆಸಿ ಸುತ್ತಿ ಸೇದುವವರಲ್ಲಿ ಎಷ್ಟೋ ಮಂದಿ ತಮ್ಮನ್ನು ತಂಬಾಕು ಬಳಕೆದಾರರೆಂದು ಎಣಿಸಿಕೊಳ್ಳುವುದಿಲ್ಲ. ಸಿಗಾರಿನ ಎಲೆಯಲ್ಲಿ ಗಾಂಜಾ ತುಂಬಿ ಸೇದುವ 'ಬ್ಲಂಟ್' ಕಥೆಯೂ ಅದೇ. ಒಳಗಿನ ತಂಬಾಕನ್ನು ತೆಗೆದರೂ ಹೊರಗಿನ ಎಲೆಯೇ ತಂಬಾಕು, ಅದರಿಂದ ನಿಕೋಟಿನ್ ಸಿಗುತ್ತದೆ. ಸೇದುವವರು ಮಾತ್ರ 'ಗಾಂಜಾ' ಅಂತಲೇ ಗುರುತು ಹಾಕುತ್ತಾರೆ.

ಹಾಗಾಗಿ 'ತಂಬಾಕು ಬಳಸುತ್ತೀರಾ' ಎಂದು ಒಂದೇ ಸಲ ಕೇಳಬೇಡಿ. ಸಿಗರೇಟು, ಜಗಿಯುವ ತಂಬಾಕು, ಇ-ಸಿಗರೇಟು, ಗಾಂಜಾ ಜೊತೆ ಬೆರೆಸಿದ ತಂಬಾಕು, ಸಿಗಾರಿನ ಎಲೆ: ಒಂದೊಂದಕ್ಕೂ ಬೇರೆ ಪ್ರಶ್ನೆ ಇರಲಿ. ಗಾಂಜಾ ಬಗ್ಗೆಯೂ ಹಾಗೇ: ಸೇದುವುದೋ, ತಿನ್ನುವುದೋ, ವೇಪರೈಸರ್‌ನಲ್ಲಿ ಬಿಸಿಮಾಡಿ ಎಳೆಯುವುದೋ. ಆಮೇಲೆ ಸಮಯ. ಒಂದೇ ತಿಂಗಳಲ್ಲಿ ಎರಡನ್ನೂ ಬೇರೆ ಬೇರೆ ದಿನ ಬಳಸುವವರು, ಗಾಂಜಾ ಮುಗಿದ ಕೂಡಲೇ ಸಿಗರೇಟು ಹಚ್ಚುವವರು, ಒಂದೇ ಸುರುಳಿಯಲ್ಲಿ ಬೆರೆಸುವವರು ಮೂರು ತರದ ಜನ. ಮೂವರನ್ನೂ 'ಎರಡೂ' ಗುಂಪಿಗೆ ತಳ್ಳಿದರೆ ಬರುವ ಸರಾಸರಿ ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ. ಗಾಂಜಾ ಬಳಕೆ ತಂಬಾಕು ಬಿಡಲು ಅಡ್ಡಿ ಎಂದು ಕೆಲವು ಅಧ್ಯಯನಗಳು, ವ್ಯತ್ಯಾಸವೇ ಇಲ್ಲ ಎಂದು ಇನ್ನು ಕೆಲವು ಹೇಳುತ್ತಿರುವುದಕ್ಕೆ ಈ ಕಲಸುಮೇಲೋಗರ ಒಂದು ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ.

ಫ್ಯಾಗರ್‌ಸ್ಟ್ರಾಮ್ ವಿಷಯ. ಆರು ಪ್ರಶ್ನೆ, ಒಟ್ಟು 10 ಅಂಕ. ಅದರಲ್ಲಿ 6 ಅಂಕ ಎರಡೇ ಪ್ರಶ್ನೆಗಳಿಂದ ಬರುತ್ತದೆ: ದಿನಕ್ಕೆಷ್ಟು ಸಿಗರೇಟು, ಎದ್ದ ಮೇಲೆ ಮೊದಲ ಸಿಗರೇಟು ಎಷ್ಟು ಹೊತ್ತಿಗೆ. ಬೆರೆಸಿ ಮಾತ್ರ ಸೇದುವವರು ಎರಡಕ್ಕೂ 'ಸಿಗರೇಟೇ ಸೇದುವುದಿಲ್ಲ' ಎನ್ನುತ್ತಾರೆ, ಅಂಕ ಸೊನ್ನೆಯ ಹತ್ತಿರ ನಿಲ್ಲುತ್ತದೆ, ನಿಕೋಟಿನ್ ಅವಲಂಬನೆ ಇಲ್ಲವೆಂದು ನೀವು ಬರೆಯುತ್ತೀರಿ. 'ತಂಬಾಕು ಇರುವ ಯಾವುದನ್ನಾದರೂ ಮೊದಲು ಎಷ್ಟು ಹೊತ್ತಿಗೆ ಸೇದುತ್ತೀರಿ' ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಸೇರಿಸಿ. ಮೂಲ ಪರೀಕ್ಷೆಯ ಮಾತುಗಳನ್ನು ತಿದ್ದಬೇಡಿ, ತಿದ್ದಿದರೆ ಹಳೆಯ ಅಂಕಗಳ ಜೊತೆ ಹೋಲಿಸಲಾಗದು. ಗಾಂಜಾಕ್ಕೆ ಎಂಟು ಪ್ರಶ್ನೆಗಳ ಕ್ಯೂಡಿಟ್-ಆರ್ ಎಂಬ ಪ್ರಶ್ನಾವಳಿ ಇದೆ, 32 ಅಂಕ. 8 ಅಥವಾ ಹೆಚ್ಚು ಬಂದರೆ ಅಪಾಯಕರ ಬಳಕೆ, 12 ಅಥವಾ ಹೆಚ್ಚು ಬಂದರೆ ಬಳಕೆಯ ಕಾಯಿಲೆ ಇರಬಹುದೆಂದು ಮುಂದಿನ ಸಂದರ್ಶನ ಮಾಡಬೇಕು.

ಪ್ರಮಾಣ ಕೇಳುವಾಗ 'ದಿನಕ್ಕೆ ಎಷ್ಟು ಸುರುಳಿ' ಎಂದಷ್ಟೇ ಕೇಳಿದರೆ ಏನೂ ಸಿಗದು. ಒಣಗಿದ ನಿರುಪದ್ರವಿ ಸೊಪ್ಪನ್ನು ಮುಂದಿಟ್ಟು, 'ನೀವು ಹಾಕುವಷ್ಟು ತೆಗೆದಿಡಿ' ಎಂದು ಹೇಳಿ ತಕ್ಕಡಿಯಲ್ಲಿ ತೂಗಿ. ತಂಬಾಕಿನ ಪಾಲಿಗೂ ಹಾಗೇ ಮಾಡಿ. ಒಂದೇ ಸುರುಳಿಯನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ ಎಂದು ಕೇಳುವುದನ್ನು ಮರೆಯಬೇಡಿ. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 5 ಮಿ.ಗ್ರಾಂ ಟಿಎಚ್‌ಸಿಯನ್ನು (ಗಾಂಜಾದಲ್ಲಿ ಅಮಲು ತರುವ ವಸ್ತು) ಪ್ರಮಾಣಿತ ಘಟಕ ಎಂದು ಒಪ್ಪಿಕೊಂಡಿವೆ. ಆದರೆ ಸೊಪ್ಪಿನಲ್ಲಿ ಟಿಎಚ್‌ಸಿ ಎಷ್ಟಿದೆ ಎಂದು ಗೊತ್ತಿಲ್ಲದ ಕಡೆ ಆ ಘಟಕಕ್ಕೆ ಪರಿವರ್ತಿಸಲು ಹೋಗಬೇಡಿ, ಗ್ರಾಂನಲ್ಲೇ ಬರೆಯಿರಿ.

ಲ್ಯಾಬ್_ಬೆಂಚು ಉತ್ತರ:

ಪ್ರಶ್ನಾವಳಿಯ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಾನು ಪರೀಕ್ಷೆಗಳಿಗೆ ಬರುತ್ತೇನೆ, ಏಕೆಂದರೆ ನೀವು ಆರಿಸಿಕೊಂಡ ಎರಡೂ ನಿಮ್ಮ ಅಧ್ಯಯನಕ್ಕೆ ಕೈಕೊಡುತ್ತವೆ.

ಕಾರ್ಬನ್ ಮಾನಾಕ್ಸೈಡ್ ಸುಡುವಿಕೆಯ ಗುರುತು. ಸುಟ್ಟದ್ದು ತಂಬಾಕೋ ಗಾಂಜಾವೋ ಯಂತ್ರಕ್ಕೆ ತಿಳಿಯದು. ಧೂಮಪಾನ ಬಿಟ್ಟದ್ದನ್ನು ಅಳೆಯುವ 2005ರ ರಸೆಲ್ ಮಾನದಂಡದ ಪ್ರಕಾರ ಉಸಿರಿನಲ್ಲಿ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 10 ಭಾಗ) ಕಡಿಮೆ ಇದ್ದರೆ ಮಾತ್ರ 'ಬಿಟ್ಟಿದ್ದಾರೆ'. ಸಿಗರೇಟು ನಿಜವಾಗಿಯೂ ಬಿಟ್ಟು, ಬರೀ ಗಾಂಜಾ ಸೇದುತ್ತಿರುವವರು ಇಲ್ಲಿ ಅನುತ್ತೀರ್ಣರಾಗುತ್ತಾರೆ. ಅಂದರೆ ನೀವು ಹುಡುಕುತ್ತಿರುವ ವ್ಯತ್ಯಾಸವನ್ನು ಅಳತೆಯೇ ಹುಟ್ಟಿಸಿಬಿಡುತ್ತದೆ. ಇನ್ನೊಂದು, ಅರ್ಧಾಯು (ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಕೆಲವೇ ಗಂಟೆಗಳಾದ್ದರಿಂದ ನಿನ್ನೆ ಸೇದಿದ್ದು ಇವತ್ತು ಕಾಣದೇ ಹೋಗಬಹುದು. ಬಳಸುವುದೇ ಆದರೆ ಕೊನೆಯ ಬಾರಿ ಏನನ್ನು, ಎಷ್ಟು ಗಂಟೆಗೆ ಸೇದಿದರೆಂದು ಬರೆದುಕೊಳ್ಳಿ. 15 ಸೆಕೆಂಡ್ ಉಸಿರು ಹಿಡಿಸಿ, ನಿಧಾನವಾಗಿ ಪೂರ್ತಿ ಊದಿಸಿ. ಅರ್ಧ ಊದಿದರೆ ಅಂಕಿ ಕಡಿಮೆ ಬರುತ್ತದೆ.

ಕೊಟಿನಿನ್ ನಿಕೋಟಿನ್‌ನಿಂದ ಹುಟ್ಟುವ ವಸ್ತು, ಅರ್ಧಾಯು ಸುಮಾರು 16 ಗಂಟೆ. ಪ್ಯಾಚ್ ಹಾಕಿಕೊಂಡವರಲ್ಲೂ ಅದು ಬಂದೇ ಬರುತ್ತದೆ. ಪ್ಯಾಚ್ ಕೊಡುವ ಅಧ್ಯಯನದಲ್ಲಿ ಮೂತ್ರದ ಅನಾಬಸಿನ್ ನೋಡಿ. ಅದು ತಂಬಾಕಿನ ಎಲೆಯಲ್ಲಿದೆ, ಪ್ಯಾಚ್‌ನಲ್ಲಿಲ್ಲ. ಸಾಂದ್ರತೆ ತೀರಾ ಕಡಿಮೆ ಇರುವುದರಿಂದ ಮೂತ್ರದಲ್ಲಿ ಅದ್ದಿ ನೋಡುವ ಸಾಮಾನ್ಯ ಪಟ್ಟಿ ಪರೀಕ್ಷೆ ಸಾಲದು, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಖರ್ಚು ಹೆಚ್ಚೆಂದರೆ 'ಬಿಟ್ಟಿದ್ದೇವೆ' ಎಂದವರ ಮಾದರಿಗಳಿಗಷ್ಟೇ ಮಾಡಿಸಿ.

ಗಾಂಜಾಕ್ಕೆ ಮೂತ್ರದ ಟಿಎಚ್‌ಸಿ-ಕಾರ್ಬಾಕ್ಸಿಲಿಕ್ ಆಮ್ಲ (ಟಿಎಚ್‌ಸಿ ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತು) ನೋಡಿ. ಮೊದಲ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ, ಖಚಿತಪಡಿಸುವ ಪರೀಕ್ಷೆಯಲ್ಲಿ 15 ಎಂಬ ಮಿತಿ ರೂಢಿಯಲ್ಲಿದೆ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದರಿಂದ, ದಿನವೂ ಬಳಸುತ್ತಿದ್ದವರಲ್ಲಿ ಬಿಟ್ಟು ವಾರಗಳಾದರೂ ಪಾಸಿಟಿವ್ ಬರಬಹುದು. ಒಂದು ಪಾಸಿಟಿವ್ ನೋಡಿ ಮತ್ತೆ ಶುರುಮಾಡಿದ್ದಾರೆಂದು ತೀರ್ಮಾನಿಸಬೇಡಿ. ಪ್ರತಿ ಮಾದರಿಯಲ್ಲಿ ಕ್ರಿಯಾಟಿನಿನ್ (ಮೂತ್ರ ಎಷ್ಟು ತೆಳುವಾಗಿದೆ ಎಂದು ತೋರಿಸುವ ವಸ್ತು) ಅಳೆದು, ಆಮ್ಲದ ಅಂಕಿಯನ್ನು ಅದರಿಂದ ಭಾಗಿಸಿ, ಆ ಅನುಪಾತ ಭೇಟಿಯಿಂದ ಭೇಟಿಗೆ ಇಳಿಯುತ್ತಿದೆಯೇ ನೋಡಿ. ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿ.ಗ್ರಾಂಗಿಂತ ಕೆಳಗಿದ್ದರೆ ಮಾದರಿ ನೀರಾಗಿದೆ, ಇನ್ನೊಮ್ಮೆ ಪಡೆಯಿರಿ.

ವಾರ್ಡ್_ಟಿಪ್ಪಣಿ ಉತ್ತರ:

ಚಿಕಿತ್ಸೆಯ ಕಡೆಯಿಂದ ಎರಡು ಮಾತು.

ವಿತ್‌ಡ್ರಾವಲ್ ಲಕ್ಷಣಗಳು, ಅಂದರೆ ಬಿಟ್ಟ ಮೇಲೆ ಕಾಡುವ ತೊಂದರೆಗಳು, ಒಂದರ ಮೇಲೊಂದು ಬೀಳುತ್ತವೆ. ಸಿಡುಕು, ಆತಂಕ, ನಿದ್ದೆಗೇಡು ಎರಡರಲ್ಲೂ ಇವೆ. ನಿಕೋಟಿನ್‌ನದು ಮೊದಲ ದಿನವೇ ಶುರುವಾಗಿ ಎರಡು ಮೂರನೇ ದಿನ ಏರುತ್ತದೆ. ಗಾಂಜಾದ್ದು ಒಂದರಿಂದ ಮೂರು ದಿನದೊಳಗೆ ಶುರುವಾಗಿ ಮೊದಲ ವಾರದಲ್ಲಿ ಏರುತ್ತದೆ. ಬಿಡಿಸಿ ನೋಡಲು ಹಸಿವು ಸಹಾಯಕ್ಕೆ ಬರುತ್ತದೆ: ತಂಬಾಕು ಬಿಟ್ಟರೆ ಹಸಿವು ಹೆಚ್ಚುತ್ತದೆ, ಗಾಂಜಾ ಬಿಟ್ಟರೆ ಕುಗ್ಗುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟವರಲ್ಲಿ ಅದೂ ಗೊಂದಲವೇ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಮಾಪಕ ಇಡಿ, ಮೊದಲ ಎರಡು ವಾರ ಒಂದು ದಿನ ಬಿಟ್ಟು ಒಂದು ದಿನವಾದರೂ ಕೇಳಿ.

ಎರಡನೆಯದು ಸುರಕ್ಷತೆ, ದಯವಿಟ್ಟು ಇದನ್ನು ಹಗುರವಾಗಿ ಕಾಣಬೇಡಿ. ಹೊಗೆಯಲ್ಲಿರುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಕೆಲವು ಔಷಧಿಗಳನ್ನು ಒಡೆಯುವ ಯಕೃತ್ತಿನ ಸಿವೈಪಿ1ಎ2 ಕಿಣ್ವವನ್ನು ಹೆಚ್ಚಿಸುತ್ತವೆ. ತಂಬಾಕಿನ ಹೊಗೆಯಲ್ಲೂ ಗಾಂಜಾ ಹೊಗೆಯಲ್ಲೂ ಅವು ಇವೆ. ಕ್ಲೋಜಪಿನ್, ಒಲಾಂಜಪಿನ್ ಎಂಬ ಮನೋರೋಗದ ಔಷಧಿ ತೆಗೆದುಕೊಳ್ಳುವವರು ಹೊಗೆ ನಿಲ್ಲಿಸಿದರೆ ಅದೇ ಡೋಸಿನಲ್ಲಿ ರಕ್ತದ ಮಟ್ಟ ಏರುತ್ತದೆ. ಪ್ಯಾಚ್ ಇದನ್ನು ತಡೆಯದು, ಏಕೆಂದರೆ ಕಿಣ್ವ ಹೆಚ್ಚಿಸುವುದು ನಿಕೋಟಿನ್ ಅಲ್ಲ, ಹೊಗೆ. ಔಷಧಿ ಪಟ್ಟಿಯನ್ನು ಸೇರ್ಪಡೆಯ ದಿನವೇ ಬರೆದುಕೊಂಡು, ಬಿಡುವ ದಿನಾಂಕವನ್ನು ಅವರ ವೈದ್ಯರಿಗೆ ಮುಂಚೆಯೇ ತಿಳಿಸಿ.

ಸಮೀಕ್ಷಕಿ ಬರೆದದ್ದು:

ಮೂವರಿಗೂ ಧನ್ಯವಾದ. ಒಂದು ಉಳಿದಿದೆ. ಆರನೇ ತಿಂಗಳಲ್ಲಿ ಸಿಗರೇಟು ಬಿಟ್ಟಿದ್ದಾರೆ, ಆದರೆ ಗಾಂಜಾಕ್ಕೆ ತಂಬಾಕು ಬೆರೆಸಿ ಸೇದುತ್ತಿದ್ದಾರೆ ಎಂದರೆ ಯಶಸ್ಸೋ ವಿಫಲವೋ?

ಪ್ರಶ್ನಾವಳಿಪ್ರಿಯ ಉತ್ತರ:

ವಿಫಲ. ಅದು ತಂಬಾಕೇ. ಮುಖ್ಯ ಫಲಿತಾಂಶವನ್ನು 'ಸಿಗರೇಟು ಬಿಟ್ಟವರು' ಎಂದಲ್ಲ, 'ಸೇದುವ ತಂಬಾಕು ಯಾವ ರೂಪದಲ್ಲೂ ಇಲ್ಲದವರು' ಎಂದು ಪ್ರೋಟೋಕಾಲ್‌ನಲ್ಲಿ ಬರೆಯಿರಿ, ಅದೂ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆ. ಸಿಗರೇಟಿನ ಎಣಿಕೆಯನ್ನು ಎರಡನೇ ಫಲಿತಾಂಶವಾಗಿ ಇಡಿ. ಗಾಂಜಾ ಬಳಕೆ ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನು ಪ್ರತ್ಯೇಕವಾಗಿ ವರದಿ ಮಾಡಿ, ಒಂದನ್ನು ಬಿಟ್ಟವರು ಇನ್ನೊಂದನ್ನು ಹೆಚ್ಚಿಸಿಕೊಂಡರೇ ಎಂದು ಅಲ್ಲಿ ತಿಳಿಯುತ್ತದೆ. ಆದರೆ ಚಿಕಿತ್ಸೆ ಶುರುವಾದ ನಂತರದ ಗಾಂಜಾ ಬಳಕೆಯನ್ನು ವಿಶ್ಲೇಷಣೆಯಲ್ಲಿ ಹೊಂದಾಣಿಕೆ ಮಾಡುವ ಅಂಶವಾಗಿ ಹಾಕಬೇಡಿ. ಹೊಂದಾಣಿಕೆಗೆ ಆರಂಭದ ಅಳತೆಗಳು ಮಾತ್ರ: ವಯಸ್ಸು, ಮದ್ಯ, ಖಿನ್ನತೆಯ ಅಂಕ, ಮೊದಲ ಸೇದುವಿಕೆಯ ಸಮಯ.

ಲ್ಯಾಬ್_ಬೆಂಚು ಉತ್ತರ:

ಒಪ್ಪುತ್ತೇನೆ. ಹಾಗೆ ಬರೆದರೆ ಅನಾಬಸಿನ್ ಫಲಿತಾಂಶಕ್ಕೂ ನೇರ ಅರ್ಥ ಸಿಗುತ್ತದೆ. ಬೆರೆಸಿ ಸೇದುವವರಲ್ಲೂ ಅದು ಪಾಸಿಟಿವ್ ಬರುತ್ತದೆ. ಜಗಿಯುವ ತಂಬಾಕಿನಲ್ಲೂ ಬರುತ್ತದೆ, ಆದ್ದರಿಂದ ಆ ಪ್ರಶ್ನೆಯನ್ನು ಆರನೇ ತಿಂಗಳ ಫಾರಂನಲ್ಲೂ ಇಟ್ಟುಕೊಳ್ಳಿ.