ತುರ್ತು: ಫ್ರಾನ್ಸಿನ ‘ಕಮ್ಯೂನ್’ಗೆ ಕನ್ನಡದಲ್ಲಿ ಏನು? ಗ್ರಾಮವೇ, ಪಂಚಾಯಿತಿಯೇ?

ಎಸ್.ಕೆ.:

ಎಲ್ಲರಿಗೂ ನಮಸ್ಕಾರ. ಛಾಯಾಚಿತ್ರ ಪ್ರದರ್ಶನದ ಫಲಕವೊಂದು ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಊರು ಕೊಂಕ್, ದಕ್ಷಿಣ ಫ್ರಾನ್ಸಿನದು. ಮೂಲ ಇಂಗ್ಲಿಷಿನಲ್ಲಿದೆ. 80 ಪದ ಮೀರುವಂತಿಲ್ಲ. ಕರಡು ಹೀಗಿದೆ:

“ಕೊಂಕ್ ಅವೆರೊಂ ಜಿಲ್ಲೆಯ ಒಂದು ಗ್ರಾಮ. 2016ರ ಜನವರಿ 1ರಂದು ಇದು ಪಕ್ಕದ ಮೂರು ಗ್ರಾಮಗಳೊಂದಿಗೆ ಸೇರಿ ಒಂದೇ ಗ್ರಾಮವಾಯಿತು. 866ರಲ್ಲಿ ಸಂತೆ ಫ್ವಾಳ ಅವಶೇಷಗಳ ಅನುವಾದವಾದ ಮೇಲೆ ಯಾತ್ರಿಕರು ಬರತೊಡಗಿದರು. ಮನೆಗಳಿಗೆ ಸ್ಲೇಟ್ ಹೆಂಚು. ಕೆಳಗೆ ದೂರ್ದು ಹೊಳೆಗೆ ರೋಮನ್ ಸೇತುವೆ.”

ನಾಲ್ಕು ಗ್ರಾಮ ಸೇರಿ ಒಂದು ಗ್ರಾಮವಾಯಿತು ಎಂದರೆ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ. ಮೂಲದಲ್ಲಿ ಒಂದು ಕಡೆ ವಿಲೇಜ್, ಇನ್ನೊಂದು ಕಡೆ ಕಮ್ಯೂನ್ ಅಂತಿದೆ. ಎರಡನ್ನೂ ಬೇರೆ ಮಾಡುವುದು ಹೇಗೆ?

ಜಿ.ಎನ್.:

ಗ್ರಾಮ ಸಾಕು. ಪ್ರದರ್ಶನಕ್ಕೆ ಬಂದವರು ಫೋಟೊ ನೋಡಿ ಮುಂದೆ ಹೋಗುತ್ತಾರೆ.

ವಿ.ಪಿ.:

ಸಾಲದು. ಕಮ್ಯೂನ್ ಊರಲ್ಲ, ಆಡಳಿತದ ಘಟಕ. 1789ರ ಡಿಸೆಂಬರಿನ ಕಾಯಿದೆ ಪಟ್ಟಣ, ಕೋಟೆಯೂರು, ಹಳ್ಳಿ ಎಂಬ ಹಳೆಯ ದರ್ಜೆಗಳನ್ನು ಅಳಿಸಿ ಎಲ್ಲಕ್ಕೂ ಒಂದೇ ಅಚ್ಚು ಹಾಕಿತು. ಇವತ್ತು ಸುಮಾರು 35,000 ಕಮ್ಯೂನ್‌ಗಳಿವೆ. ಪ್ಯಾರಿಸ್ ಕೂಡ ಒಂದು ಕಮ್ಯೂನ್. ಅದನ್ನೂ ಗ್ರಾಮ ಎನ್ನುತ್ತೀರಾ? ಇನ್ನೊಂದು ತುದಿಗೆ ವರ್ಡನ್ ಬಳಿಯ ಫ್ಲೂರಿಯಂಥವಿವೆ. ಮೊದಲ ಮಹಾಯುದ್ಧದ 1916ರ ಕದನದಲ್ಲಿ ನೆಲಸಮವಾದ ಊರು ಅದು. ಮತ್ತೆ ಕಟ್ಟಲೇ ಇಲ್ಲ, ಒಂದು ನರಪಿಳ್ಳೆಯೂ ವಾಸವಿಲ್ಲ. ಆದರೂ ಕಮ್ಯೂನ್ ಉಳಿದಿದೆ, ಮೇಯರ್ ಇದ್ದಾರೆ. ಮತದಾರರೇ ಇಲ್ಲದ ಕಾರಣ ಅವರನ್ನು ಪ್ರಿಫೆಕ್ಟ್, ಅಂದರೆ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿ, ನೇಮಿಸುತ್ತಾರೆ. ಅಲ್ಲಿ ಅಂಥವು ಆರಿವೆ.

ಕೊಂಕ್‌ನಲ್ಲಿ ಆದದ್ದು ಇಷ್ಟು: ಕೊಂಕ್, ಗ್ರಾಂ ವಾಬ್ರ್, ನೊಆಯಾಕ್, ಸೇಂ ಸಿಪ್ರಿಯೇಂ ಎಂಬ ನಾಲ್ಕು ಕಮ್ಯೂನ್‌ಗಳು ರದ್ದಾಗಿ ‘ಕೊಂಕ್ ಆಂ ರುಎರ್ಗ್’ ಎಂಬ ಹೊಸ ಕಮ್ಯೂನ್ ಬಂತು. ಊರುಗಳು ಇದ್ದಲ್ಲೇ ಇವೆ. ಒಂದೂ ಕದಲಿಲ್ಲ. ನಿಮ್ಮ ಕರಡಿನ ಎಡವಟ್ಟು ಅಲ್ಲೇ ಇರುವುದು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. “ಅವಶೇಷಗಳ ಅನುವಾದ”! ಲ್ಯಾಟಿನ್ನಿನ ‘ತ್ರಾನ್ಸ್ಲಾತಿಯೊ’ಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಎಂದರ್ಥ. ಚರ್ಚಿನ ಪರಿಭಾಷೆಯಲ್ಲಿ ಸಂತರ ಅಸ್ಥಿಯನ್ನು ಒಯ್ಯುವುದೂ ಅದೇ ಪದ. ಇಲ್ಲಿ ಒಯ್ದದ್ದೂ ನೇರವಾಗಿ ಅಲ್ಲ. ಕೊಂಕ್‌ನ ಸನ್ಯಾಸಿಯೊಬ್ಬ ಅಜೇಂ ಪಟ್ಟಣದ ಮಠಕ್ಕೆ ಸೇರಿ, ವರ್ಷಗಟ್ಟಲೆ ನಂಬಿಕೆ ಗಳಿಸಿ, ಅಸ್ಥಿ ಎತ್ತಿಕೊಂಡು ಬಂದ ಎಂಬುದು ಮಠದವರೇ ಬರೆದಿಟ್ಟ ಕಥೆ. ಅವರು ಅದಕ್ಕೆ ನಾಚಿಕೊಳ್ಳಲೂ ಇಲ್ಲ. ಸಂತಳಿಗೆ ಮನಸ್ಸಿಲ್ಲದಿದ್ದರೆ ಅಸ್ಥಿ ಅಲುಗುತ್ತಲೇ ಇರಲಿಲ್ಲ ಎಂಬುದು ಆ ಕಾಲದ ವಾದ. ‘ಸ್ಥಳಾಂತರ’ ಎಂದರೆ ಸರ್ಕಾರಿ ಕಚೇರಿಯ ಫೈಲಿನ ಹಾಗೆ ಕೇಳುತ್ತದೆ. ‘ಕದ್ದು ತಂದರು’ ಎಂದೇ ಬರೆಯಿರಿ.

ಸೇತುವೆ ರೋಮನರದ್ದಲ್ಲ. ಅದು ಮಧ್ಯಯುಗದ್ದು. ಅಲ್ಲಿನ ಆಕ್ಸಿತಾನ್ ನುಡಿಯಲ್ಲಿ ‘ರುಮಿಯು’ ಎಂದರೆ ಯಾತ್ರಿಕ. ಮೊದಲು ರೋಮಿಗೆ ಹೋಗುವವನು, ಆಮೇಲೆ ಯಾವ ಯಾತ್ರಿಕನಾದರೂ ಸರಿ. ರುಮಿಯು ಸೇತುವೆ ಫ್ರೆಂಚರ ಬಾಯಲ್ಲಿ ‘ರೊಮೇಂ’ ಆಯಿತು, ಅದನ್ನು ಇಂಗ್ಲಿಷಿನವರು ‘ರೋಮನ್’ ಮಾಡಿದರು. ಸ್ಪೇನಿನ ಸಾಂತಿಯಾಗೊಗೆ ಹೊರಟವರು ಊರಿನಿಂದ ಇಳಿದು ಹೊಳೆ ದಾಟುತ್ತಿದ್ದದ್ದು ಇದರ ಮೇಲೆ. 1998ರಲ್ಲಿ ಯುನೆಸ್ಕೊ ಆ ಯಾತ್ರಾಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸೇತುವೆಯನ್ನೂ ಸೇರಿಸಿತು. ‘ಯಾತ್ರಿಕರ ಸೇತುವೆ’ ಎನ್ನಿ.

ಆರ್.ಎಚ್.:

‘ಸಂತೆ ಫ್ವಾ’ ತೆಗೆಯಿರಿ ಮೇಡಂ. ವಾರದ ಸಂತೆ ಆಗುತ್ತದೆ. ನಮ್ಮ ಕ್ರೈಸ್ತರು ಹೆಂಗಸರಿಗೂ ‘ಸಂತ’ ಎಂದೇ ಹೇಳುವುದು. ಮೈಸೂರಿನ ಸಂತ ಫಿಲೋಮಿನಾ ಚರ್ಚೇ ಇದೆಯಲ್ಲ.

ಟಿ.ಎಸ್.:

‘ಊರು’ ಎಂಬ ಅಚ್ಚಗನ್ನಡ ಪದ ಇರುವಾಗ ಗ್ರಾಮ ಯಾಕೆ, ಕಮ್ಯೂನ್ ಯಾಕೆ? ವಿಲೇಜಿಗೆ ಊರು. ಕಮ್ಯೂನಿಗೆ ‘ಊರ್ಕೂಟ’. ಕಮ್ಯೂನ್‌ನ ಮೂಲ ಲ್ಯಾಟಿನ್ನಿನ ‘ಕೊಮ್ಮೂನಿಸ್’, ಹೊಣೆಯನ್ನು ಹಂಚಿಕೊಂಡವರು ಎಂದು. ಮಧ್ಯಯುಗದಲ್ಲಿ ಊರಿನವರು ಆಣೆಯಿಟ್ಟು ಕಟ್ಟಿಕೊಂಡ ಕೂಟಕ್ಕೇ ಆ ಹೆಸರಿತ್ತು. ಊರ್ಕೂಟ ಅದಕ್ಕೆ ಅಳತೆ ಮಾಡಿ ಹೊಲಿಸಿದ ಹಾಗಿದೆ.

ಜಿ.ಎನ್.:

ಊರ್ಕೂಟ ಅಂದರೆ ಜಾತ್ರೆಗೆ ಸೇರಿದ ಜನ ಅಂದುಕೊಳ್ಳುತ್ತಾರೆ ಮೇಷ್ಟ್ರೇ.

ಕೆ.ಬಿ.:

ಮೂಲಾರ್ಥವೇ ಮುಖ್ಯವಾದರೆ ‘ಗ್ರಾಮ’ಕ್ಕೇನು ಕೊರತೆ? ವೇದದಲ್ಲಿ ಗ್ರಾಮ ಎಂದರೆ ಮನೆಗಳಲ್ಲ, ಜನರ ಗುಂಪು, ದಂಡು. ಸಂಗೀತದ ಸ್ವರಗ್ರಾಮ, ಇಂದ್ರಿಯಗ್ರಾಮ ಎಂಬಲ್ಲೆಲ್ಲ ಅದೇ ಅರ್ಥ ಉಳಿದಿದೆ. ಟಿ.ಎಸ್. ಅವರು ಹುಡುಕುತ್ತಿರುವ ಕೂಟ ಗ್ರಾಮದಲ್ಲೇ ಇದೆ.

ಇನ್ನು ಊರಿನ ಹೆಸರು. ಕೊಂಕ್ ಬಂದದ್ದು ಲ್ಯಾಟಿನ್ನಿನ ‘ಕೊಂಕಾ’ದಿಂದ, ಅದು ಗ್ರೀಕಿನ ‘ಕೊಂಖೆ’ಯಿಂದ, ಅದರ ಸೋದರ ಪದ ನಮ್ಮ ‘ಶಂಖ’. ಊಶ್ ಎಂಬ ತೊರೆ ದೂರ್ದುವನ್ನು ಸೇರುವಲ್ಲಿ ಬೆಟ್ಟಗಳು ಚಿಪ್ಪಿನ ಹಾಗೆ ಬಾಗಿರುವುದರಿಂದ ಆ ಹೆಸರು ಎನ್ನುತ್ತಾರೆ. ಫಲಕದಲ್ಲಿ ‘ಶಂಖಪುರಿ’ ಎಂದು ಒಂದು ಮಾತು ಸೇರಿಸಿದರೆ ನಮ್ಮವರಿಗೆ ಥಟ್ಟನೆ ಹತ್ತಿರವಾಗುತ್ತದೆ.

ವಿ.ಪಿ.:

ಬೇಡ. ಸೋದರ ಪದ ಎಂಬುದು ಸರಿ, ಅದಕ್ಕಾಗಿ ಊರಿಗೆ ಮರುನಾಮಕರಣ ಬೇಡ. ನಾಳೆ ಯಾರಾದರೂ ಶಂಖಪುರಿಯನ್ನು ಭೂಪಟದಲ್ಲಿ ಹುಡುಕುತ್ತಾರೆ.

ಟಿ.ಎಸ್.:

ಶಂಖಪುರಿ! ಫ್ರೆಂಚರ ಹಳ್ಳಿಗೂ ಸಂಸ್ಕೃತದ ಉಪನಯನ ಮಾಡಬೇಕೇ?

ಆರ್.ಎಚ್.:

ಜನರಿಲ್ಲದ ಕಮ್ಯೂನ್ ಎಂದು ವಿ.ಪಿ. ಅವರು ಬೆರಗಾಗಿ ಬರೆದಿದ್ದಾರೆ. ನಮ್ಮ ಕಂದಾಯ ದಾಖಲೆಯಲ್ಲಿ ಅದಕ್ಕೆ ಹೆಸರೇ ಇದೆ: ಬೇಚರಾಕ್ ಗ್ರಾಮ. ಗಡಿ ಇದೆ, ನಕ್ಷೆ ಇದೆ, ಸರ್ವೆ ನಂಬರ್ ಇದೆ, ಒಕ್ಕಲು ಇಲ್ಲ. ಆದ್ದರಿಂದ ‘ಗ್ರಾಮ’ ಎಂದರೆ ಮನೆಗಳೇ ಇರಬೇಕು ಎಂಬ ವಾದ ನಿಲ್ಲುವುದಿಲ್ಲ. ಹಾಗೆಯೇ ಕಮ್ಯೂನಿಗೆ ಸೇರಿದ ಬಿಡಿ ಕೊಪ್ಪಲು, ಹಟ್ಟಿಗಳಿಗೆ ‘ಮಜರೆ’ ಎಂಬ ಪದ ಸಿದ್ಧವಾಗಿದೆ.

ಟಿ.ಎಸ್.:

ಬೇಚರಾಕ್ ಪಾರ್ಸಿ. ಬೇ-ಚಿರಾಗ್, ದೀಪವಿಲ್ಲದ್ದು. ಮಜರೆ ಅರಬ್ಬಿ. ‘ಹಾಳೂರು’ ಇರಲಿಲ್ಲವೇ ನಮ್ಮಲ್ಲಿ? ಪದ ಇಲ್ಲದೆ ತಂದದ್ದಲ್ಲ, ಕಚೇರಿಯವರು ಹೇರಿದ್ದು.

ಆರ್.ಎಚ್.:

ಹಾಳೂರು ಬೇರೆ. ಹಾಳೂರಿನಲ್ಲಿ ಬಿದ್ದ ಗೋಡೆ, ಮುರಿದ ಗುಡಿ ಇರುತ್ತದೆ. ಬೇಚರಾಕ್‌ನಲ್ಲಿ ಎಂದೂ ಮನೆಯೇ ಇಲ್ಲದಿರಬಹುದು. ಅದು ದಾಖಲೆಯ ಮಾತು, ದೃಶ್ಯದ ಮಾತಲ್ಲ. ಮತ್ತೆ ಹೊರಗಿನದು ಬೇಡ ಎಂದರೆ ‘ಜಿಲ್ಲೆ’ಯನ್ನು ಏನು ಮಾಡುತ್ತೀರಿ? ಅರಬ್ಬಿಯಲ್ಲಿ ಅದು ಪಕ್ಕೆಲುಬು. ‘ತಾಲ್ಲೂಕು’ ಅಲ್ಲಿನದೇ. ಇಡೀ ಕಂದಾಯ ಇಲಾಖೆ ಮೂಳೆಚಕ್ಕಳ ಕಳೆದುಕೊಂಡು ಕುಸಿಯುತ್ತದೆ.

ಟಿ.ಎಸ್.:

ಕುಸಿಯಲಿ.

ವಿ.ಪಿ.:

ಆರ್.ಎಚ್. ಅವರ ಬೇಚರಾಕ್ ಚೆನ್ನಾಗಿದೆ, ನಿಜ. ಆದರೆ ಕಂದಾಯ ಗ್ರಾಮಕ್ಕೆ ಚುನಾಯಿತ ಸಭೆ ಇಲ್ಲ. ಪಂಚಾಯಿತಿಗೆ ಇದೆ, ಹಲವು ಹಳ್ಳಿ ಸೇರಿ ಒಂದು ಎಂಬುದೂ ಹೊಂದುತ್ತದೆ. ಆದರೆ ಪಂಚಾಯಿತಿ ಎಂದೊಡನೆ ನಗರ ಹೊರಗೆ ಬೀಳುತ್ತದೆ, ಅಲ್ಲೂ ಪ್ಯಾರಿಸ್ ಅಡ್ಡ ಬರುತ್ತದೆ. ಕಮ್ಯೂನಿನ ಮೇಯರ್ ಬರಿಯ ಅಧ್ಯಕ್ಷರೂ ಅಲ್ಲ. ಜನನ ಮರಣ ನೋಂದಣಿ ಅವರ ಹೆಸರಿನಲ್ಲೇ ಆಗುತ್ತದೆ, ಮದುವೆ ಮಾಡಿಸುವವರೂ ಅವರೇ. ಕಾನೂನಿನ ಕಣ್ಣಲ್ಲಿ ಚರ್ಚಿನ ಮದುವೆ ಲೆಕ್ಕಕ್ಕಿಲ್ಲ, ಮೇಯರ್ ಮುಂದೆ ಆಗಬೇಕು. ಮೇಲಿನ ಹಂತ ಸುಲಭ. ಪ್ರಿಫೆಕ್ಟ್ ಇರುವ ‘ದೆಪಾರ್ತಮಾಂ’ಗೆ ಜಿಲ್ಲೆ ಒಪ್ಪುತ್ತದೆ. ಹಳೆಯ ರುಎರ್ಗ್ ಸೀಮೆಯನ್ನು 1790ರಲ್ಲಿ ಅವೆರೊಂ ಮಾಡಿದರು. ‘ಕಾಂತೊಂ’ಗೆ ಮಾತ್ರ ತಾಲ್ಲೂಕು ಹಾಕಬೇಡಿ. ಈಗ ಅದು ಬರಿಯ ಮತಕ್ಷೇತ್ರ.

ನನ್ನ ಸಲಹೆ: ಮನೆ, ಬೀದಿ, ಇಳಿಜಾರು ಬಂದಲ್ಲಿ ‘ಊರು’. ವಿಲೀನ, ಮೇಯರ್ ಬಂದಲ್ಲಿ ‘ಕಮ್ಯೂನ್ ಎಂಬ ಸ್ಥಳೀಯ ಆಡಳಿತ ಘಟಕ’ ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಬರಿಯ ಕಮ್ಯೂನ್.

ಕೆ.ಬಿ.:

ಕಮ್ಯೂನ್ ಎಂದರೆ ಓದುಗರಿಗೆ 1871ರ ಪ್ಯಾರಿಸ್ ಬಂಡಾಯ ನೆನಪಾಗುತ್ತದೆ, ಇಲ್ಲವೇ ಚೀನಾದ ಸಾಮೂಹಿಕ ಬೇಸಾಯ.

ವಿ.ಪಿ.:

ಅದಕ್ಕೇ ಬಿಡಿಸಿ ಹೇಳಿ ಎಂದದ್ದು.

ಡಿ.ಎಂ.:

ಎಲ್ಲರೂ ಗ್ರಾಮದಲ್ಲೇ ಸಿಕ್ಕಿಬಿದ್ದಿದ್ದೀರಿ. ‘ಸ್ಲೇಟ್ ಹೆಂಚು’ ತಪ್ಪು. ಕೊಂಕ್‌ನ ಮಾಡಿಗೆ ಹೊದಿಸಿರುವುದು ಶಿಸ್ಟ್, ಅಲ್ಲಿಯವರು ‘ಲೋಜ್’ ಎನ್ನುತ್ತಾರೆ. ಸ್ಲೇಟಿನ ಕಣ ನುಣುಪು, ಕೆಲವೇ ಮಿಲಿಮೀಟರ್ ತೆಳುವಾಗಿ ಸೀಳುತ್ತದೆ. ಶಿಸ್ಟ್ ಒರಟು, ಅಭ್ರಕದ ಪದರ ಹಿಡಿದು ಸೀಳುತ್ತದೆ, ದಪ್ಪ, ತೂಕ ಹೆಚ್ಚು. ಅಂಚನ್ನು ಸುತ್ತಿಗೆಯಲ್ಲಿ ಕೆತ್ತಿ ಮೀನಿನ ಹುರುಪೆಯ ಆಕಾರಕ್ಕೆ ತರುತ್ತಾರೆ. ಸೂರಿನ ಬದಿಗೆ ದೊಡ್ಡವು, ಮೇಲೇರಿದಂತೆ ಚಿಕ್ಕವು. ಪ್ರತಿ ಕಲ್ಲಿನ ಮೂರನೇ ಒಂದು ಪಾಲು ಮಾತ್ರ ಹೊರಗೆ ಕಾಣಬೇಕು, ಉಳಿದ ಎರಡು ಪಾಲು ಮೇಲಿನ ಸಾಲುಗಳ ಅಡಿಗೆ. ಎಲ್ಲಿ ಬೆರಳಿಟ್ಟರೂ ಕೆಳಗೆ ಮೂರು ಪದರ ಇರಬೇಕು ಎಂದು ಲೆಕ್ಕ. ಕಲ್ಲು ಉಳಿಸಲು ಅರ್ಧ ಕಾಣಿಸಿದರೆ ಗಾಳಿಮಳೆಗೆ ನೀರು ಸಂದಿಯಲ್ಲಿ ಹಿಂದಕ್ಕೆ ಹತ್ತಿ ಒಳಗೆ ಇಳಿಯುತ್ತದೆ. ನೆತ್ತಿಯಲ್ಲಿ, ಗಾಳಿ ಬೀಸುವ ಬದಿಯ ಕೊನೆಯ ಸಾಲನ್ನು ಇನ್ನೊಂದು ಬದಿಯ ಮೇಲೆ ಚಾಚಿಸುವ ಕ್ರಮವೂ ಇದೆ.

ಇಂಥದ್ದಕ್ಕೆ ‘ಹೆಂಚು’ ಸಲ್ಲದು. ಹೆಂಚು ಸುಟ್ಟ ಮಣ್ಣು. ‘ಕಲ್ಲುಚಪ್ಪಡಿ’ ಎನ್ನಿ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಇಳಿಜಾರು ಮಾಡು ಚಪ್ಪಡಿಯದೇ.

ಆರ್.ಎಚ್.:

ಹೆಂಚು ಮಣ್ಣಿನದೇ ಆಗಬೇಕೆಂದರೆ ದೋಸೆ ಹೆಂಚಿನ ಗತಿ ಏನು? ಕಬ್ಬಿಣದ್ದನ್ನು ಇಟ್ಟುಕೊಂಡು ದಿನಾ ಹೆಂಚು ಎನ್ನುತ್ತೇವೆ. ಚಪ್ಪಡಿ ಎಂದರೆ ನಾಲ್ಕು ಜನ ಹೊರುವ ಕಲ್ಲು, ಚರಂಡಿಗೆ ಮುಚ್ಚುವಂಥದ್ದು. ಭಟ್ಕಳದ್ದು ಆ ಗಾತ್ರದ್ದು. ಕೊಂಕ್‌ನದು ಒಬ್ಬ ಏಣಿ ಹತ್ತಿ ಕೂರಿಸುವ ಕಲ್ಲು. ‘ಕಲ್ಲುಹೆಂಚು’ ಎಂದರೆ ಆಕಾರ, ಜಾಗ ಎರಡೂ ಕಣ್ಣಿಗೆ ಬರುತ್ತವೆ.

ಡಿ.ಎಂ.:

ದೋಸೆ ಹೆಂಚಿನಿಂದ ವಾಸ್ತುಶಿಲ್ಪ ಕಲಿಯಬೇಕಾಗಿ ಬಂತು.

ಎಸ್.ಕೆ.:

ದಯವಿಟ್ಟು ಸಾಕು ಮಾಡಿ, ಅಚ್ಚಿನವರು ಫೋನ್ ಮಾಡುತ್ತಿದ್ದಾರೆ. ಇನ್ನೊಂದೇ ತೊಡಕು. ಚರ್ಚಿನ ಹೆಬ್ಬಾಗಿಲ ಮೇಲೆ ಅಂತಿಮ ತೀರ್ಪಿನ ಕೆತ್ತನೆ ಇದೆಯಲ್ಲ, ಆ ಅರ್ಧಚಂದ್ರದ ಜಾಗಕ್ಕೆ ‘ಲಲಾಟಬಿಂಬ’ ಆದೀತೇ?

ಕೆ.ಬಿ.:

ಆಗದು. ಲಲಾಟಬಿಂಬ ಬಾಗಿಲವಾಡದ ಮೇಲ್ಪಟ್ಟಿಯ ನಡುವೆ ಕೂರುವ ಒಂದೇ ಪುಟ್ಟ ಮೂರ್ತಿ, ಗಜಲಕ್ಷ್ಮಿಯೋ ಗಣಪತಿಯೋ. ಕೊಂಕ್‌ನ ಕಮಾನಿನಲ್ಲಿ 124 ಆಕೃತಿಗಳಿವೆ. ‘ಬಾಗಿಲ ಮೇಲಿನ ಕಮಾನು’ ಎನ್ನಿ. ಸಂಸ್ಕೃತ ಬೇಡ ಎಂದು ನಾನೇ ಹೇಳುತ್ತಿದ್ದೇನೆ, ಟಿ.ಎಸ್. ಗಮನಿಸಲಿ.

ವಿ.ಪಿ.:

ಅಚ್ಚಿಗೆ ಮುಂಚೆ ಒಂದು ಎಚ್ಚರಿಕೆ. ‘ಕೊಂಕ್‌ನಲ್ಲಿ’ ಎಂದು ಟೈಪಿಸುವಾಗ ಕ್ ಮತ್ತು ನ ನಡುವೆ ಕೂಡದಂತೆ ತಡೆಯುವ ಕಾಣದ ಅಕ್ಷರ ಇರುತ್ತದೆ. ಯೂನಿಕೋಡ್ ಪಠ್ಯವನ್ನು ಹಳೆಯ ಆಸ್ಕಿ ಫಾಂಟಿಗೆ ಪರಿವರ್ತಿಸುವಾಗ ಅದು ಬಿದ್ದುಹೋಗಿ ‘ಕೊಂಕ್ನಲ್ಲಿ’ ಎಂದು ಒತ್ತಕ್ಷರ ಆಗುತ್ತದೆ. ತಿದ್ದುವವರು ಅದನ್ನು ‘ಕೊಂಕಿನಲ್ಲಿ’ ಮಾಡುತ್ತಾರೆ. ಆಮೇಲೆ ಊರು ಹೋಗಿ ಕೊಂಕು ಉಳಿಯುತ್ತದೆ. ಹೆಸರಿಗೆ ವಿಭಕ್ತಿ ಹಚ್ಚದ ಹಾಗೆ ವಾಕ್ಯ ಕಟ್ಟಿ, ತೊಂದರೆಯೇ ಇಲ್ಲ.

ಜಿ.ಎನ್.:

ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ ಕೊಂಕ್ ಸುತ್ತಿ ದೋಸೆ ಹೆಂಚಿಗೆ ಬಂದೆವು.

ಎಸ್.ಕೆ.:

ಇದನ್ನೇ ಕಳಿಸುತ್ತಿದ್ದೇನೆ:

“ಕೊಂಕ್: ದಕ್ಷಿಣ ಫ್ರಾನ್ಸಿನ ಅವೆರೊಂ ಜಿಲ್ಲೆಯಲ್ಲಿ, ದೂರ್ದು ಕಣಿವೆಯ ಕಡಿದಾದ ಇಳಿಜಾರಿನ ಊರು. 866ರಲ್ಲಿ ಇಲ್ಲಿನ ಸನ್ಯಾಸಿಯೊಬ್ಬ ಅಜೇಂ ಪಟ್ಟಣದಿಂದ ಸಂತ ಫ್ವಾ ಅವರ ಅಸ್ಥಿಯನ್ನು ಕದ್ದು ತಂದನೆಂದು ಹೇಳುತ್ತಾರೆ. ಅಂದಿನಿಂದ ಇದು ಯಾತ್ರಾಸ್ಥಳ. ಚರ್ಚಿನ ಬಾಗಿಲ ಮೇಲಿನ ಕಮಾನಿನಲ್ಲಿ ಅಂತಿಮ ತೀರ್ಪಿನ 124 ಆಕೃತಿಗಳಿವೆ. ಮನೆಗಳಿಗೆ ಶಿಸ್ಟ್ ಕಲ್ಲುಹೆಂಚು. ಕೆಳಗೆ ಹೊಳೆಗೆ ಯಾತ್ರಿಕರ ಸೇತುವೆ. ಕಮ್ಯೂನ್ ಎಂಬುದು ಫ್ರಾನ್ಸಿನ ಸ್ಥಳೀಯ ಆಡಳಿತ ಘಟಕ. 2016ರಲ್ಲಿ ನೆರೆಯ ಮೂರು ಕಮ್ಯೂನ್‌ಗಳೊಂದಿಗೆ ಕೊಂಕ್ ವಿಲೀನವಾಯಿತು.”

ಡಿ.ಎಂ.:

ಚಪ್ಪಡಿ.

ಟಿ.ಎಸ್.:

‘ಸ್ಥಳೀಯ ಆಡಳಿತ ಘಟಕ’ ಎಂಬ ಮೂರು ಪದದಲ್ಲಿ ಕನ್ನಡದ್ದು ಎಷ್ಟು ಎಂದು ಎಣಿಸಿದ್ದೀರಾ? ಹೊಸ ಎಳೆ ತೆಗೆಯುತ್ತೇನೆ.