ಸಹಾಯ ಬೇಕು: ಸಾಫ್ಟ್ ಪ್ಲಾಸ್ಟಿಕ್ ಲೂರ್ ಹಾಳಾಗದ ಹಾಗೆ ಇಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯ ಅಳಿವೆಗಳಲ್ಲಿ ಕೆಂಬೇರಿಗೆ ಗಾಳ ಹಾಕುವವನು. ಲೂರ್ (ಗಾಳಕ್ಕೆ ಸಿಕ್ಕಿಸುವ ನಕಲಿ ಎರೆ) ಇಡುವ ವಿಷಯದಲ್ಲಿ ಅನುಭವಸ್ಥರ ಸಲಹೆ ಬೇಕಿತ್ತು.

ಬಾಕ್ಸ್‌ನ ಒಂದು ಖಾನೆಯಲ್ಲಿ ಎರಡು ಬಗೆಯ ಲೂರ್ ಕರಗಿ ಒಂದಕ್ಕೊಂದು ಅಂಟಿಕೊಂಡಿವೆ. ಕೆಂಪು ಬಣ್ಣ ಪಕ್ಕದ ಬಿಳಿ ಲೂರ್‌ಗೆ ಹತ್ತಿದೆ, ತಳದಲ್ಲಿ ಜೋನಿಬೆಲ್ಲದಂಥ ಅಂಟು. ಪಿವಿಸಿ ಲೂರ್ ಮೆತ್ತಗಿರಲು ಸೇರಿಸುವ ಎಣ್ಣೆಯಂಥ ದ್ರವ ಟಿಪಿಇ (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಲೂರ್‌ಗೂ ಕೆಲವು ಗಟ್ಟಿ ಪ್ಲಾಸ್ಟಿಕ್ ಬಾಕ್ಸ್‌ಗೂ ಆಗಿಬರೋದಿಲ್ಲವಂತಲ್ಲ, ಇದು ಅದೇ ಅನ್ನಿಸುತ್ತೆ. ಹಾಗಾಗಿ ಈಗ ಎಲ್ಲವನ್ನೂ ಅವುಗಳ ಪ್ಯಾಕೆಟ್‌ನಲ್ಲೇ ಬೇರೆ ಬೇರೆ ಇಟ್ಟಿದ್ದೇನೆ.

ಆದರೆ ಪ್ಯಾಕೆಟ್ ಒತ್ತಿ, ಚಪ್ಪಟೆ ತುದಿಯ ಬಾಲವಿರುವ ಪ್ಯಾಡಲ್ ಟೇಲ್‌ಗಳ ಬಾಲ ಸೊಟ್ಟಗಾಗುತ್ತಿದೆ. ಬಾಲ ಸೊಟ್ಟಗಾದರೆ ನೀರಲ್ಲಿ ಲೂರ್ ಗಿರಗಿರ ತಿರುಗುತ್ತೆ, ಮೀನು ಹತ್ತಿರವೂ ಬರಲ್ಲ. ಬಿಸಿನೀರಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಪಿವಿಸಿಯದು ಸರಿಹೋಗುತ್ತೆ. ಪ್ರತಿ ಸಲ ಯಾರಿಗೆ ಪುರುಸೊತ್ತು ಅಲ್ವಾ?

ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಪಾಲಿಪ್ರೊಪಿಲೀನ್ ಊಟದ ಡಬ್ಬಿಯಲ್ಲಿ ಯಾರಾದರೂ ವರ್ಷಗಟ್ಟಲೆ ಇಟ್ಟು ನೋಡಿದ್ದೀರಾ? ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯ ಕಾವಿಗೆ ಏನು ಉಪಾಯ? ಫೋಟೋ ಇದ್ದರೆ ದಯವಿಟ್ಟು ಹಾಕಿ.